ಪಮೇಲಾ ತನ್ನ ಪತ್ರಗಳನ್ನು ಲಂಗದೊಳಗೆ ಹೊಲಿದುಕೊಂಡಿದ್ದು ಯಾಕೆ?

ಜೇನ್ ಆಸ್ಟಿನ್ ಬರೆದ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' (1811) ಕಾದಂಬರಿಯ ಎರಡನೇ ಅಧ್ಯಾಯದಲ್ಲಿ ಗಂಡ ಹೆಂಡತಿಯ ಒಂದು ಮಾತುಕತೆ ಇದೆ. ಅಪ್ಪ ತೀರಿಕೊಂಡಿದ್ದಾನೆ. ಸಾಯುವ ಮುಂಚೆ ಮೊದಲ ಹೆಂಡತಿಯ ಮಗ ಜಾನ್‌ನನ್ನು ಕರೆದು, ನಿನ್ನ ಮಲತಾಯಿಯನ್ನೂ ಮೂವರು ತಂಗಿಯರನ್ನೂ ಕೈಬಿಡಬೇಡ ಅಂತ ಮಾತು ತೆಗೆದುಕೊಂಡಿದ್ದಾನೆ. ಆಸ್ತಿಯೆಲ್ಲ ಜಾನ್ ಪಾಲಿಗೆ. ತಂಗಿಯರಿಗೆ ತಲಾ ಸಾವಿರ ಪೌಂಡ್ ಕೊಡೋಣ ಅಂತ ಅವನು ಮನಸ್ಸು ಮಾಡುತ್ತಾನೆ. ನಮ್ಮ ಮಗನ ಪಾಲು ಕಡಿಮೆಯಾಗುತ್ತಲ್ಲ ಅನ್ನುತ್ತಾಳೆ ಹೆಂಡತಿ ಫ್ಯಾನಿ. ಸರಿ, ತಲಾ ಐನೂರು. ಅದೂ ಜಾಸ್ತಿ. ಹಾಗಾದರೆ ಮಲತಾಯಿಗೆ ವರ್ಷಕ್ಕೆ ನೂರು? ವರ್ಷಾಶನ ಕೊಡುವುದಕ್ಕೆ ಶುರು ಮಾಡಿದರೆ ಜನ ಸಾಯುವುದೇ ಇಲ್ಲ, ಆಕೆ ಬೇರೆ ಗಟ್ಟಿಮುಟ್ಟಾಗಿದ್ದಾಳೆ, ಇನ್ನೂ ನಲವತ್ತರ ಆಸುಪಾಸು. ಆಗಾಗ ಐವತ್ತು ಪೌಂಡ್ ಕೊಡೋಣವೇ? ಅದೂ ಬೇಡ. ಮೂರು ಸಾವಿರ ಪೌಂಡಿನಿಂದ ಶುರುವಾದ ಮಾತು ಕೊನೆಗೆ ಸಾಮಾನು ಸಾಗಿಸಲು ಒಂದಿಷ್ಟು ಸಹಾಯ, ಕಾಲಕಾಲಕ್ಕೆ ಮೀನು, ಬೇಟೆಯ ಮಾಂಸ ಕಳಿಸುವುದು, ಅಷ್ಟಕ್ಕೆ ಬಂದು ನಿಲ್ಲುತ್ತದೆ. ಮಲತಾಯಿ ತನ್ನ ಪಿಂಗಾಣಿ ತಟ್ಟೆ ಬಟ್ಟಲುಗಳನ್ನು ಜೊತೆಗೆ ಒಯ್ಯುತ್ತಾಳಲ್ಲ ಅನ್ನುವುದೂ ಫ್ಯಾನಿಗೆ ಸಂಕಟ.

ಆ ಮಾತುಕತೆ ನಡೆಯುವಾಗ ತಾಯಿಯಾಗಲಿ ಹೆಣ್ಣುಮಕ್ಕಳಾಗಲಿ ಅಲ್ಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲ. ಅವರ ಮುಂದಿನ ಬದುಕು ಅಲ್ಲೇ ತೀರ್ಮಾನವಾಗಿ ಹೋಯಿತು.

ಡಿಗ್ರಿಯಲ್ಲಿ ಇಂಥ ಕಾದಂಬರಿಗಳನ್ನು ಓದುವಾಗ ನನಗೆ ಒಂದು ವಿಷಯ ಅರ್ಥವಾಗುತ್ತಲೇ ಇರಲಿಲ್ಲ. ಈ ಹೆಣ್ಣುಮಕ್ಕಳು ಕೋರ್ಟಿಗೆ ಯಾಕೆ ಹೋಗುವುದಿಲ್ಲ? ಕೆಲಸಕ್ಕೆ ಯಾಕೆ ಸೇರುವುದಿಲ್ಲ? ಕೆಟ್ಟ ಗಂಡನನ್ನು ಬಿಟ್ಟು ಯಾಕೆ ಬರುವುದಿಲ್ಲ? ಯಾರಿಗೆ ಯಾರು ಸಿಕ್ಕರು ಅನ್ನುವ ಪ್ರೇಮಕತೆಗಳ ಹಾಗೆಯೇ ಇವನ್ನು ಓದಿ ಪರೀಕ್ಷೆ ಬರೆದೆ. ಆಗಿನ ಕಾನೂನು ಏನಿತ್ತು ಅಂತ ತಿಳಿದ ಮೇಲೆ ಅದೇ ಪುಸ್ತಕಗಳು ಬೇರೆಯೇ ಆಗಿ ಕಂಡವು. ಹಾಗಾಗಿ ಮೊದಲು ಕಾನೂನು ನೋಡೋಣ, ಆಮೇಲೆ 'ಪಮೇಲಾ' ಎಂಬ ಕಾದಂಬರಿಯ ಹುಡುಗಿ ತನ್ನ ಪತ್ರಗಳನ್ನು ಲಂಗದೊಳಗೆ ಯಾಕೆ ಹೊಲಿದುಕೊಂಡಳು ಅನ್ನುವುದಕ್ಕೆ ಬರೋಣ.

1765ರಲ್ಲಿ ವಿಲಿಯಂ ಬ್ಲ್ಯಾಕ್‌ಸ್ಟೋನ್ ಎಂಬ ನ್ಯಾಯಶಾಸ್ತ್ರಜ್ಞ ಇಂಗ್ಲೆಂಡಿನ ಕಾನೂನನ್ನು ವಿವರಿಸಿ ದೊಡ್ಡ ಗ್ರಂಥದ ಮೊದಲ ಸಂಪುಟ ತಂದ. ಮದುವೆಯಾದ ಮೇಲೆ ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬರೇ ವ್ಯಕ್ತಿ ಅಂತ ಅದರಲ್ಲಿದೆ. ಕೇಳಲು ಚೆನ್ನಾಗಿದೆ. ಆದರೆ ಆ ಒಬ್ಬ ವ್ಯಕ್ತಿ ಗಂಡ. ಮದುವೆ ಇರುವಷ್ಟು ಕಾಲ ಹೆಂಡತಿಗೆ ಕಾನೂನಿನಲ್ಲಿ ಬೇರೆ ಅಸ್ತಿತ್ವವೇ ಇಲ್ಲ. ಅವಳು ತಂದ ಹಣ, ಒಡವೆ, ಸಾಮಾನು ಅವನದು. ಅವಳು ದುಡಿದರೆ ಕೂಲಿ ಅವನದು. ಅವಳ ಹೆಸರಿನ ಜಮೀನಿನ ಆದಾಯವೂ ಅವನ ಕೈಗೆ. ಮಕ್ಕಳ ಮೇಲಿನ ಹಕ್ಕು ಅವನದು. ಅವಳು ತನ್ನ ಹೆಸರಿನಲ್ಲಿ ಕರಾರು ಮಾಡುವಂತಿಲ್ಲ, ದಾವೆ ಹೂಡುವಂತಿಲ್ಲ. ದುಡ್ಡಿರುವ ಮನೆಯವರು ಮದುವೆಗೆ ಮುಂಚೆಯೇ ವಕೀಲರನ್ನು ಕೂರಿಸಿ, ಮಗಳ ಹಣವನ್ನು ಟ್ರಸ್ಟಿನಲ್ಲಿಟ್ಟು ಅಷ್ಟಿಷ್ಟು ಕಾಪಾಡುತ್ತಿದ್ದರು. ಬಡವರಿಗೆ ಆ ದಾರಿ ಇರಲಿಲ್ಲ.

ಗಂಡನನ್ನು ಬಿಡುವುದು? 1857ರಲ್ಲಿ ಹೊಸ ಕಾಯ್ದೆ ಬರುವ ತನಕ, ಮರುಮದುವೆಗೆ ಅವಕಾಶ ಕೊಡುವ ಪೂರ್ತಿ ವಿಚ್ಛೇದನ ಬೇಕಿದ್ದರೆ ಆ ಒಂದು ಜೋಡಿಗಾಗಿಯೇ ಪಾರ್ಲಿಮೆಂಟಿನಲ್ಲಿ ಕಾಯ್ದೆ ಪಾಸಾಗಬೇಕಿತ್ತು. ಹಾಗೆ ಒಬ್ಬ ಹೆಂಗಸಿಗೆ ಮೊದಲ ಸಲ ವಿಚ್ಛೇದನ ಸಿಕ್ಕಿದ್ದು 1801ರಲ್ಲಿ. ಅಂದರೆ ನಾನಿಲ್ಲಿ ಹೇಳುವ ಕಾದಂಬರಿಗಳಲ್ಲಿ ಹೆಚ್ಚಿನವು ಬಂದ ಇಡೀ 18ನೇ ಶತಮಾನದಲ್ಲಿ ಒಬ್ಬಳಿಗೂ ಸಿಗಲಿಲ್ಲ. ಮಕ್ಕಳನ್ನು ತನ್ನ ಹತ್ತಿರ ಇಟ್ಟುಕೊಳ್ಳಲು ತಾಯಿ ಕೋರ್ಟನ್ನು ಕೇಳಬಹುದು ಅಂತಾದದ್ದು 1839ರಲ್ಲಿ, ಅದೂ ಏಳು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಮದುವೆಯಾದ ಹೆಂಗಸಿನ ಆಸ್ತಿ ಅವಳದೇ ಅಂತ ಸರಿಯಾಗಿ ಒಪ್ಪಿಕೊಂಡಿದ್ದು 1882ರ ಕಾಯ್ದೆ.

ಇನ್ನು ಜಮೀನು. ದೊಡ್ಡ ಮನೆತನಗಳ ಆಸ್ತಿ ಹರಿದು ಹಂಚಿಹೋಗಬಾರದು ಅಂತ ಅದನ್ನು ಗಂಡು ವಾರಸುದಾರನಿಗೇ ಹೋಗುವಂತೆ ಮೊದಲೇ ಕಟ್ಟಿಹಾಕಿರುತ್ತಿದ್ದರು. 'ಪ್ರೈಡ್ ಅಂಡ್ ಪ್ರೆಜುಡಿಸ್' (1813) ಓದಿದವರಿಗೆ ಬೆನೆಟ್ ಮನೆ ನೆನಪಿರಬಹುದು. ಐದು ಹೆಣ್ಣುಮಕ್ಕಳು, ವರ್ಷಕ್ಕೆ ಎರಡು ಸಾವಿರ ಪೌಂಡ್ ಆದಾಯ, ಆದರೆ ಅಪ್ಪ ಸತ್ತ ಮರುದಿನ ಮನೆ ಕಾಲಿನ್ಸ್ ಎಂಬ ದೂರದ ನೆಂಟನದು. ಆ ತಾಯಿಗೆ ಮಕ್ಕಳ ಮದುವೆಯದೇ ಚಿಂತೆ ಅಂತ ಎಲ್ಲರೂ ನಗುತ್ತಾರೆ. ನನಗೀಗ ನಗು ಬರುವುದಿಲ್ಲ. ಆ ಮನೆಯಲ್ಲಿ ಲೆಕ್ಕ ಗೊತ್ತಿದ್ದವಳು ಆಕೆ ಒಬ್ಬಳೇ ಅನ್ನಿಸುತ್ತದೆ. ಕೆಲಸ ಅಂದರೆ ಓದಿದ ಹೆಣ್ಣಿಗೆ ಇದ್ದದ್ದು ಬೇರೆಯವರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುವುದು, ಇಲ್ಲವೇ ಶ್ರೀಮಂತ ಹೆಂಗಸಿಗೆ ಜೊತೆಗಾತಿಯಾಗಿರುವುದು. ಬಡವಳಿಗೆ ಹೊಲಿಗೆ, ಬಟ್ಟೆ ಒಗೆಯುವುದು, ಮನೆಗೆಲಸ.

ಇಲ್ಲಿ ನಮಗೆ ಆಶ್ಚರ್ಯವಾಗುವ ಒಂದು ವಿಷಯ ಇದೆ. ಆ ಕಾನೂನಿನಲ್ಲಿ ಮದುವೆಯಾಗದ ವಯಸ್ಕ ಹೆಣ್ಣಿಗೂ ವಿಧವೆಗೂ ತನ್ನ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳುವ ಹಕ್ಕಿತ್ತು. ಹಾಗಾಗಿ ಆ ಕಾದಂಬರಿಗಳಲ್ಲಿ ಎಲ್ಲರನ್ನೂ ಹೆದರಿಸಿ ಇಟ್ಟುಕೊಳ್ಳುವ ಹೆಂಗಸು ಸಾಮಾನ್ಯವಾಗಿ ದುಡ್ಡಿರುವ ವಿಧವೆ. ನಮ್ಮಲ್ಲಿ ತದ್ವಿರುದ್ಧ. 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದಾಗ ಕನ್ನಡದ ಸಾಮಾಜಿಕ ಕಾದಂಬರಿ ಶುರುವಾಗಿದ್ದೇ ಒಬ್ಬ ಎಳೆಯ ವಿಧವೆಯ ಸಂಕಟದಿಂದ. ಅಲ್ಲಿ ಹೆಣ್ಣನ್ನು ಕಟ್ಟಿಹಾಕಿದ್ದು ಗಂಡ ಬದುಕಿರುವುದು, ಇಲ್ಲಿ ಗಂಡ ಸಾಯುವುದು.

ಈಗ ಕಾದಂಬರಿಗೆ ಬರೋಣ. ಕಾನೂನು ಹೆಂಡತಿಗೆ ಅಸ್ತಿತ್ವವೇ ಇಲ್ಲ ಅನ್ನುತ್ತಿದ್ದ ಅದೇ ಕಾಲದಲ್ಲಿ ಇಂಗ್ಲಿಷಿನಲ್ಲಿ ಕಾದಂಬರಿ ಅನ್ನುವ ಹೊಸ ಪ್ರಕಾರ ಹುಟ್ಟಿತು. ಅದರ ಮೊದಲ ಪುಸ್ತಕಗಳಲ್ಲಿ ಎಷ್ಟೊಂದರಲ್ಲಿ ಹೆಣ್ಣೊಬ್ಬಳು 'ನಾನು' ಅಂತ ಮಾತು ಶುರು ಮಾಡುತ್ತಾಳೆ! ಆತ್ಮಕತೆಯ ಹಾಗೆ, ಪತ್ರಗಳ ಹಾಗೆ, ದಿನಚರಿಯ ಹಾಗೆ. ಕೋರ್ಟಿನಲ್ಲಿ ಬಾಯಿ ಇಲ್ಲದವಳು ಪುಸ್ತಕದಲ್ಲಿ ನೂರಾರು ಪುಟ ಮಾತಾಡುತ್ತಾಳೆ. ಈ ಕಾದಂಬರಿಗಳನ್ನು ಓದುವಾಗ ನಾನು ಹುಡುಕುವುದು ಅದನ್ನೇ. ಅವಳ ಕೈಗೆ ಕಾಗದ ಸಿಕ್ಕಿತಾ? ಬರೆದದ್ದನ್ನು ಯಾರು ಕಿತ್ತುಕೊಂಡರು? ಅವಳ ಮಾತನ್ನು ಯಾರು ನಂಬಿದರು?

ಡೇನಿಯಲ್ ಡಿಫೋನ 'ಮಾಲ್ ಫ್ಲಾಂಡರ್ಸ್' (1722) ತೆಗೆದುಕೊಳ್ಳಿ. ಮಾಲ್ ಹುಟ್ಟಿದ್ದೇ ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿ. ಅವಳ ತಾಯಿ ಅಂಗಡಿಯಿಂದ ಮೂರು ತುಂಡು ಬಟ್ಟೆ ಕದ್ದಿದ್ದಳು, ಅದಕ್ಕೆ ಗಲ್ಲು ಶಿಕ್ಷೆ. ಬಸುರಿ ಅಂತ ಹೆರಿಗೆಯ ತನಕ ಉಳಿಸಿದರು, ಆಮೇಲೆ ಹಡಗು ಹತ್ತಿಸಿ ಅಮೆರಿಕಾದ ವಸಾಹತಿಗೆ ಸಾಗಿಸಿದರು. ಮಗು ಕಾಲ್ಚೆಸ್ಟರ್ ಊರಿನಲ್ಲಿ ಒಬ್ಬ ದಾದಿಯ ಹತ್ತಿರ ಬೆಳೆಯುತ್ತದೆ. ಎಂಟು ವರ್ಷ ತುಂಬಿದಾಗ ಮನೆಗೆಲಸಕ್ಕೆ ಕಳಿಸುತ್ತೇವೆ ಅನ್ನುತ್ತಾರೆ. ಮಾಲ್ ಅಳುತ್ತಾಳೆ. ನಾನು ದೊಡ್ಡ ಮನೆಯ ಹೆಂಗಸಾಗುತ್ತೇನೆ ಅನ್ನುತ್ತಾಳೆ. ಊರಿನ ಹೆಂಗಸರಿಗೆಲ್ಲ ನಗು. ಆಮೇಲೆ ನಿಧಾನಕ್ಕೆ ಗೊತ್ತಾಗುತ್ತದೆ, ದೊಡ್ಡ ಹೆಂಗಸು ಅಂದರೆ ಆ ಮಗುವಿನ ಲೆಕ್ಕದಲ್ಲಿ ಯಾರ ಮನೆಗೂ ಜೀತಕ್ಕೆ ಹೋಗದೆ ತನ್ನ ಸೂಜಿ ದಾರದಿಂದ ತಾನೇ ಊಟ ಸಂಪಾದಿಸುವವಳು. ಯಾರ ಹಾಗೆ ಅಂತ ಕೇಳಿದರೆ ಪಕ್ಕದಲ್ಲೇ ಲೇಸ್ ರಿಪೇರಿ ಮಾಡಿಕೊಂಡಿರುವ ಒಬ್ಬ ಹೆಂಗಸನ್ನು ತೋರಿಸುತ್ತಾಳೆ. ಅಯ್ಯೋ ಕೂಸೇ, ಅವಳಿಗೆ ಕೆಟ್ಟ ಹೆಸರಿದೆ, ಮದುವೆಯಿಲ್ಲದೆ ಎರಡು ಮೂರು ಮಕ್ಕಳಾಗಿವೆ ಅನ್ನುತ್ತಾಳೆ ದಾದಿ. ಮಗುವಿಗೆ ಅದು ಅರ್ಥವಾಗುವುದಿಲ್ಲ. ಅವಳಿಗೆ ಕಾಣುವುದು ಒಂದೇ, ಆಕೆ ಸ್ವಂತ ದುಡಿಮೆಯಲ್ಲಿ ಬದುಕುತ್ತಿದ್ದಾಳೆ.

ಮಾಲ್ ಐದು ಸಲ ಮದುವೆಯಾಗುತ್ತಾಳೆ, ಕಳ್ಳಿಯಾಗುತ್ತಾಳೆ, ಜೈಲು ಸೇರುತ್ತಾಳೆ. ಕಳ್ಳತನಕ್ಕೆ ಇಳಿಯುವುದು ವಯಸ್ಸು ಐವತ್ತರ ಹತ್ತಿರ ಬಂದಾಗ, ಗಂಡ ಸತ್ತು, ಕೈಯಲ್ಲಿ ಕಾಸಿಲ್ಲದೆ, ಇನ್ನು ಮದುವೆಯೂ ಆಗುವ ಹಾಗಿಲ್ಲ ಅಂತಾದಾಗ. ಡಿಫೋ ಅವಳನ್ನು ದೇವತೆ ಮಾಡಲು ಹೋಗುವುದಿಲ್ಲ. ಅವಳು ಸುಳ್ಳು ಹೇಳುತ್ತಾಳೆ, ಮಕ್ಕಳನ್ನು ಬಿಟ್ಟು ಹೋಗುತ್ತಾಳೆ. ಆದರೆ ಪ್ರತಿ ಹೆಜ್ಜೆಯಲ್ಲೂ ಕೈಯಲ್ಲಿ ಎಷ್ಟು ಪೌಂಡ್ ಉಳಿದಿದೆ ಅಂತ ಲೆಕ್ಕ ಕೊಡುತ್ತಾಳೆ, ಆ ಲೆಕ್ಕ ನೋಡಿದರೆ ಅವಳ ಭಯ ನಮಗೂ ಗೊತ್ತಾಗುತ್ತದೆ. ಎರಡು ವರ್ಷದ ನಂತರ ಬಂದ 'ರೊಕ್ಸಾನಾ'ದಲ್ಲಿ ಡಿಫೋ ಇನ್ನೂ ಮುಂದೆ ಹೋದ. ಐದು ಮಕ್ಕಳನ್ನು ಕೊಟ್ಟು ಓಡಿಹೋದ ಗಂಡನನ್ನು ಕಂಡವಳು ರೊಕ್ಸಾನಾ. ಮುಂದೆ ಒಬ್ಬ ಒಳ್ಳೆಯ ವ್ಯಾಪಾರಿ ಮದುವೆಯಾಗು ಅಂದಾಗ ಅವಳು ಒಲ್ಲೆ ಅನ್ನುತ್ತಾಳೆ. ಮದುವೆ ಅಂದರೆ ಸ್ವಾತಂತ್ರ್ಯ, ಹಣ, ಅಧಿಕಾರ ಎಲ್ಲ ಒಪ್ಪಿಸಿಬಿಡುವುದು, ಆಮೇಲೆ ಹೆಂಡತಿ ಸ್ವಲ್ಪ ಮೇಲ್ದರ್ಜೆಯ ಆಳು ಅಷ್ಟೇ, ಅನ್ನುವುದು ಅವಳ ವಾದ. 1724ರಲ್ಲಿ ಬಂದ ಮಾತಿದು.

ಹದಿನಾರು ವರ್ಷ ಕಳೆದು 1740ರಲ್ಲಿ 'ಪಮೇಲಾ' ಬಂತು. ಬರೆದವನು ಸ್ಯಾಮ್ಯುಯೆಲ್ ರಿಚರ್ಡ್‌ಸನ್, ಲಂಡನ್ನಿನಲ್ಲಿ ಅಚ್ಚುಕೂಟ ಇಟ್ಟುಕೊಂಡಿದ್ದ ಮನುಷ್ಯ. ಹುಡುಗನಾಗಿದ್ದಾಗಲೇ ಊರಿನ ಹೆಣ್ಣುಮಕ್ಕಳಿಗೆ ಪ್ರೇಮಪತ್ರ ಬರೆದುಕೊಡುತ್ತಿದ್ದನಂತೆ. ಪಮೇಲಾಗೆ ಹದಿನೈದು ವರ್ಷ. ಬಡವರ ಮನೆ ಹುಡುಗಿ, ದೊಡ್ಡ ಮನೆಯಲ್ಲಿ ಕೆಲಸದವಳು. ಯಜಮಾನಿ ಸತ್ತ ಮೇಲೆ ಅವಳ ಮಗ ಮಿಸ್ಟರ್ ಬಿ. ಮನೆಯ ಒಡೆಯನಾಗುತ್ತಾನೆ, ಹುಡುಗಿಯ ಬೆನ್ನು ಬೀಳುತ್ತಾನೆ. ಅವಳು ಒಪ್ಪದಿದ್ದಾಗ ಅಪ್ಪ ಅಮ್ಮನ ಹತ್ತಿರ ಕಳಿಸುತ್ತೇನೆ ಅಂತ ಗಾಡಿ ಹತ್ತಿಸಿ, ದೂರದ ಲಿಂಕನ್‌ಶೈರಿನ ಇನ್ನೊಂದು ಮನೆಯಲ್ಲಿ ಕೂಡಿಹಾಕುತ್ತಾನೆ. ಕಾವಲಿಗೆ ಇರುವವಳೂ ಒಬ್ಬ ಹೆಂಗಸೇ. ಅಲ್ಲಿ ಪಮೇಲಾ ಮಾಡುವ ಕೆಲಸ ಒಂದೇ, ಬರೆಯುವುದು. ಆದದ್ದೆಲ್ಲವನ್ನೂ ಅಪ್ಪ ಅಮ್ಮನಿಗೆ ಬರೆಯುತ್ತಾಳೆ. ಕಳಿಸಲು ದಾರಿ ಇಲ್ಲದಿದ್ದರೂ ಬರೆಯುತ್ತಾಳೆ. ಕಾಗದವನ್ನೂ ಮಸಿಯನ್ನೂ ಮನೆಯಲ್ಲಿ ಅಲ್ಲಲ್ಲಿ ಬಚ್ಚಿಡುತ್ತಾಳೆ. ಬರೆದ ಹಾಳೆಗಳನ್ನು ಸೊಂಟದ ಸುತ್ತ, ಒಳಲಂಗಕ್ಕೆ ಸೇರಿಸಿ ಹೊಲಿದುಕೊಳ್ಳುತ್ತಾಳೆ.

ಯಾಕೆ? ಆ ಮನೆಯಲ್ಲಿ ಅವಳದು ಅನ್ನುವ ವಸ್ತು ಬೇರೆ ಏನೂ ಇಲ್ಲ. ಬಟ್ಟೆ ಕೂಡ ಹೆಚ್ಚಿನದು ಸತ್ತುಹೋದ ಯಜಮಾನಿಯದು. ಊರಿನ ನ್ಯಾಯ ಹೇಳಬೇಕಾದವನು ಯಾರು ಅಂತೀರಾ? ಅದೇ ಮಿಸ್ಟರ್ ಬಿ., ಊರಿನ ನ್ಯಾಯಾಧಿಕಾರಿಯೂ ಅವನೇ. ಹಾಗಿರುವಾಗ ಹೀಗೀಗಾಯಿತು ಅಂತ ಹೇಳುವುದಕ್ಕೆ ಉಳಿದ ಸಾಕ್ಷಿ ಆ ಹಾಳೆಗಳು ಮಾತ್ರ. ಅದಕ್ಕೇ ಅವನಿಗೂ ಅವು ಬೇಕು. ಕೊಡದಿದ್ದರೆ ನಾನೇ ಬಟ್ಟೆ ಬಿಚ್ಚಿ ಹುಡುಕುತ್ತೇನೆ ಅನ್ನುವ ತನಕ ಹೋಗುತ್ತಾನೆ. ಕೊನೆಗೆ ಅವಳೇ ತೆಗೆದು ಕೊಡಬೇಕಾಗುತ್ತದೆ. ಓದುತ್ತಾ ಓದುತ್ತಾ ಅವನ ಮನಸ್ಸು ಕರಗುತ್ತದೆ, ಮದುವೆಯಾಗುತ್ತಾನೆ. ಪುಸ್ತಕದ ಉಪಶೀರ್ಷಿಕೆ 'ಶೀಲಕ್ಕೆ ಸಿಕ್ಕ ಬಹುಮಾನ' ಅನ್ನುವ ಅರ್ಥದ್ದು.

ನನಗೆ ಆ ಬಹುಮಾನ ಇವತ್ತಿಗೂ ನುಂಗಲಾಗುವುದಿಲ್ಲ. ಕೂಡಿಹಾಕಿದವನನ್ನೇ ಕಟ್ಟಿಕೊಳ್ಳುವುದು ಬಹುಮಾನವಾ? ಆದರೆ ಕೆಲಸದವಳೊಬ್ಬಳು, ನನ್ನ ಆತ್ಮಕ್ಕೆ ರಾಜಕುಮಾರಿಯ ಆತ್ಮದಷ್ಟೇ ಬೆಲೆ ಇದೆ ಅಂತ ಯಜಮಾನನ ವಿರುದ್ಧ ಬರೆದದ್ದನ್ನು ಇಡೀ ಇಂಗ್ಲೆಂಡ್ ಓದಿತಲ್ಲ, ಅದು ಸಣ್ಣ ವಿಷಯ ಅಲ್ಲ. ಎಷ್ಟು ಜನ ಮೆಚ್ಚಿದರೋ ಅಷ್ಟೇ ಜನ ಸಿಟ್ಟಾದರು. ಮರುವರ್ಷವೇ ಹೆನ್ರಿ ಫೀಲ್ಡಿಂಗ್ 'ಶಮೇಲಾ' ಅಂತ ಒಂದು ಅಣಕು ಬರೆದ. ಅದರಲ್ಲಿ ಹುಡುಗಿ ಮಹಾ ಚಾಲಾಕಿ, ಯಜಮಾನನನ್ನು ಬಲೆಗೆ ಹಾಕಿಕೊಳ್ಳಲು ನಾಟಕ ಆಡಿದವಳು. ಹೆಣ್ಣು ದೂರು ಹೇಳಿದ ಕೂಡಲೇ, ಅವಳಿಗೆ ಇದರಲ್ಲಿ ಏನು ಲಾಭ ಅಂತ ಹುಡುಕುವುದು ಇವತ್ತಿನ ಟಿವಿ ಚರ್ಚೆಯಲ್ಲೂ ನಡೆಯುತ್ತದೆ ಅಲ್ವಾ?

ಆ ಪ್ರಶ್ನೆಗೆ ರಿಚರ್ಡ್‌ಸನ್ ಕೊಟ್ಟ ಉತ್ತರ 1747-48ರಲ್ಲಿ ಬಂದ 'ಕ್ಲಾರಿಸ್ಸಾ'. ಏಳು ಸಂಪುಟ, ಹತ್ತು ಲಕ್ಷ ಪದಗಳ ಹತ್ತಿರ, ಪೂರ್ತಿ ಪತ್ರಗಳಲ್ಲೇ ನಡೆಯುತ್ತದೆ. ಓದಲು ತಿಂಗಳುಗಳು ಬೇಕು. ಆದರೆ ಇಷ್ಟೆಲ್ಲ ಹೇಳಿದ ಮೇಲೆ ಒಂದೇ ಪುಸ್ತಕ ಓದಿ ಅಂತ ಕೇಳಿದರೆ ನಾನು ಹೇಳುವುದು ಇದನ್ನೇ.

ಕ್ಲಾರಿಸ್ಸಾ ಹಾರ್ಲೋ ಶ್ರೀಮಂತರ ಮನೆಯ ಕಿರಿಯ ಮಗಳು. ತಾತ ಸಾಯುವಾಗ ತನ್ನ ಆಸ್ತಿಯನ್ನು ಈ ಮೊಮ್ಮಗಳ ಹೆಸರಿಗೆ ಬರೆದಿಟ್ಟ. ಅಲ್ಲೇ ಬೆಂಕಿ ಬಿತ್ತು. ಅವಳು ಅದನ್ನು ಅಪ್ಪನ ಕೈಗೇ ಒಪ್ಪಿಸಿ ಸುಮ್ಮನಿದ್ದರೂ ಅಣ್ಣನಿಗೂ ಅಕ್ಕನಿಗೂ ಸಮಾಧಾನ ಇಲ್ಲ. ಸೋಮ್ಸ್ ಅನ್ನುವ ದುಡ್ಡಿರುವ, ಅವಳಿಗೆ ನೋಡಿದರೇ ಅಸಹ್ಯವಾಗುವ ಒಬ್ಬನಿಗೆ ಅವಳನ್ನು ಕಟ್ಟಬೇಕು ಅಂತ ಮನೆಯವರೆಲ್ಲ ಒಂದಾಗುತ್ತಾರೆ. ಮದುವೆ ಒಪ್ಪಂದದ ಕಾಗದ ಮನೆತನಕ್ಕೆ ಲಾಭ ತರುವ ಹಾಗಿದೆ. ಅವಳು ಬೇಡ ಅನ್ನುತ್ತಾಳೆ. ನಾನು ಮದುವೆಯೇ ಆಗದೆ ಇದ್ದುಬಿಡುತ್ತೇನೆ, ಆಸ್ತಿಯೂ ಬೇಡ ಅನ್ನುತ್ತಾಳೆ. ಕೋಣೆಯಲ್ಲಿ ಕೂಡಿಹಾಕುತ್ತಾರೆ. ಆನಾ ಹೌ ಎಂಬ ಗೆಳತಿಗೆ ಪತ್ರ ಬರೆಯಬಾರದು ಅಂತ ಲೇಖನಿ, ಮಸಿ, ಕಾಗದ ಕಿತ್ತುಕೊಳ್ಳುತ್ತಾರೆ. ಹೀಗಾಗುತ್ತೆ ಅಂತ ಗೊತ್ತಿದ್ದ ಅವಳು ಬೇರೆ ಲೇಖನಿಗಳನ್ನು ಮೊದಲೇ ಬಚ್ಚಿಟ್ಟಿರುತ್ತಾಳೆ.

ಆ ಮನೆಯಿಂದ ಬಿಡಿಸುತ್ತೇನೆ ಅಂತ ಬರುವವನು ಲವ್ಲೇಸ್. ನೋಡಲು ಚೆಂದ, ಮಾತು ಇನ್ನೂ ಚೆಂದ. ತೋಟದ ಬಾಗಿಲ ಹತ್ತಿರ ಅವಳನ್ನು ಬೆದರಿಸಿ, ಮೋಸ ಮಾಡಿ ಕರೆದೊಯ್ಯುತ್ತಾನೆ. ಲಂಡನ್ನಿನಲ್ಲಿ ಮರ್ಯಾದಸ್ಥರ ಮನೆ ಅಂತ ಇರಿಸಿದ್ದು ನಿಜದಲ್ಲಿ ಒಂದು ವೇಶ್ಯಾಗೃಹ. ಅವಳು ಬಗ್ಗದಿದ್ದಾಗ ಮತ್ತಿನ ಔಷಧಿ ಕುಡಿಸಿ, ಪ್ರಜ್ಞೆ ಇಲ್ಲದವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಪುಟಗಟ್ಟಲೆ ಜಂಭ ಕೊಚ್ಚಿಕೊಂಡು ಬರೆಯುತ್ತಿದ್ದ ಲವ್ಲೇಸ್ ಆ ದಿನ ಗೆಳೆಯನಿಗೆ ಬರೆಯುವುದು ಎರಡು ಮೂರು ಸಾಲು. ಇನ್ನು ಮುಂದೆ ಹೋಗಲಾರೆ, ಮುಗಿಯಿತು, ಕ್ಲಾರಿಸ್ಸಾ ಬದುಕಿದ್ದಾಳೆ, ಅಷ್ಟೇ. ಆಮೇಲೆ ಅವಳು ಬರೆದು ಹರಿದು ಬಿಸಾಡಿದ ಚೂರುಗಳು ಬರುತ್ತವೆ. ಕೊನೆಯ ಹಾಳೆಯಲ್ಲಿ ಸಾಲುಗಳು ನೆಟ್ಟಗಿಲ್ಲ. ಕೆಲವು ಓರೆಯಾಗಿ, ಕೆಲವು ಅಂಚಿನಲ್ಲಿ ಅಡ್ಡಡ್ಡವಾಗಿ ಅಚ್ಚಾಗಿವೆ. ಸ್ವತಃ ಮುದ್ರಕನಾಗಿದ್ದ ರಿಚರ್ಡ್‌ಸನ್ ಅಚ್ಚಿನ ಮೊಳೆಗಳನ್ನು ಬೇಕೆಂದೇ ಹಾಗೆ ಜೋಡಿಸಿದ. ಪುಟವನ್ನು ತಿರುಗಿಸಿ ತಿರುಗಿಸಿ ಓದಬೇಕು. ಅವಳ ಮನಸ್ಸಿಗೆ ಏನಾಗಿದೆ ಅಂತ ಒಂದೂ ವಿವರಣೆ ಇಲ್ಲದೆ ಕಣ್ಣಿಗೆ ಕಾಣುತ್ತದೆ.

ಇದಾದ ಮೇಲೆ ಎಲ್ಲರೂ ಹೇಳುವುದು ಒಂದೇ, ಮದುವೆಯಾಗಿಬಿಡು. ಲವ್ಲೇಸ್‌ನ ಮನೆಯವರು, ಪ್ರಾಣಕ್ಕೆ ಪ್ರಾಣವಾಗಿದ್ದ ಆನಾ ಕೂಡ. ಆಗ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆ. ಅತ್ಯಾಚಾರ ಮಾಡಿದವನಿಗೇ ಕಟ್ಟಿ ರಾಜಿ ಮಾಡಿಸುವ ಪಂಚಾಯಿತಿಗಳ ಸುದ್ದಿ ನಾವೂ ಕೇಳಿದ್ದೇವೆ. ಕ್ಲಾರಿಸ್ಸಾ ಒಪ್ಪುವುದಿಲ್ಲ. ಕೋರ್ಟಿಗೆ ಹೋಗು ಅಂತ ಅವಳನ್ನು ಪ್ರೀತಿಸುವ ಹಿರಿಯ ಪಾದ್ರಿ ಬರೆಯುತ್ತಾನೆ. ಅದಕ್ಕೂ ಒಲ್ಲೆ ಅನ್ನುತ್ತಾಳೆ. ಅವನ ಜೊತೆ ಒಂದೇ ಸೂರಿನಡಿ ಇಷ್ಟು ದಿನ ಇದ್ದವಳು ಅಂತ ಅಲ್ಲಿ ಏನೇನು ಕೇಳುತ್ತಾರೆ ಅನ್ನುವುದು ಅವಳಿಗೆ ಗೊತ್ತು. ನಿಧಾನಕ್ಕೆ ಸಾವಿನ ಕಡೆ ಹೊರಳುತ್ತಾಳೆ. ತನ್ನ ಶವಪೆಟ್ಟಿಗೆಯನ್ನು ತಾನೇ ತರಿಸಿ ಕೋಣೆಯಲ್ಲಿಟ್ಟುಕೊಂಡು, ಅದರ ಮೇಲೆ ಕಾಗದ ಇಟ್ಟು ಬರೆಯುತ್ತಾಳೆ. ಸತ್ತ ಮೇಲೆ ಯಾರು ಯಾರಿಗೆ ತಲುಪಬೇಕೋ ಆ ಪತ್ರಗಳನ್ನೂ ಬರೆದಿಡುತ್ತಾಳೆ. ಸಂಪುಟಗಳು ಒಂದೊಂದಾಗಿ ಬರುತ್ತಿದ್ದಾಗ ಅವಳನ್ನು ಸಾಯಿಸಬೇಡಿ ಅಂತ ಓದುಗರು ರಿಚರ್ಡ್‌ಸನ್‌ಗೆ ಪತ್ರ ಬರೆದು ಬೇಡಿಕೊಂಡರು. ಅವನು ಜಗ್ಗಲಿಲ್ಲ. ಪಮೇಲಾಗೆ ಕೊಟ್ಟ ಬಹುಮಾನವನ್ನು ಇವಳಿಗೆ ಕೊಡಲಿಲ್ಲ. ಹೆಣ್ಣಿನ ಬೇಡ ಅನ್ನುವ ಮಾತನ್ನು ಕೊನೆಯ ತನಕ ಕಾಯ್ದುಕೊಂಡ ಪುಸ್ತಕ ಅಂತ ನಾನು ಇದನ್ನು ಇಷ್ಟಪಡುವುದು ಅದಕ್ಕೇ. ಅದಕ್ಕೆ ಅವಳು ಸಾಯಲೇಬೇಕಿತ್ತಾ ಅನ್ನುವ ನೋವು ಉಳಿದೇ ಇದೆ.

ಆಸ್ಟಿನ್ ಬಿಟ್ಟರೆ ಇಲ್ಲಿಯ ತನಕ ಹೇಳಿದವರೆಲ್ಲ ಗಂಡಸರು, ಹೆಣ್ಣಿನ ದನಿಯಲ್ಲಿ ಬರೆದವರು. ಹಾಗಂತ ಹೆಂಗಸರು ಬರೆಯುತ್ತಿರಲಿಲ್ಲ ಅಂತಲ್ಲ. ಎಲೈಜಾ ಹೇವುಡ್ 1719ರಿಂದಲೇ ಬರೆಯುತ್ತಿದ್ದಳು, ಅದರಲ್ಲೇ ಹೊಟ್ಟೆ ಹೊರೆಯುತ್ತಿದ್ದಳು. ಕವಿ ಅಲೆಕ್ಸಾಂಡರ್ ಪೋಪ್ ತನ್ನ ವಿಡಂಬನೆ ಕಾವ್ಯದಲ್ಲಿ ಅವಳನ್ನು ತೀರಾ ಹೊಲಸಾಗಿ ಆಡಿಕೊಂಡ. 1751ರ ಅವಳ 'ಬೆಟ್ಸಿ ಥಾಟ್‌ಲೆಸ್' ಕಾದಂಬರಿಯಲ್ಲಿ ಒಂದು ಚಿಕ್ಕ ದೃಶ್ಯ ಇದೆ. ಬೆಟ್ಸಿ ಹೊಸದಾಗಿ ಮದುವೆಯಾದವಳು, ಗಂಡ ಮಂಡನ್ ಮಹಾ ಜಿಪುಣ. ಮನೆಖರ್ಚಿನ ವಿಷಯಕ್ಕೆ ಜಗಳ ಹತ್ತಿ, ಅವಳು ಪ್ರೀತಿಯಿಂದ ಸಾಕಿಕೊಂಡಿದ್ದ ಅಳಿಲನ್ನು ಹಿಡಿದು ಬೆಂಕಿಗೂಡಿನ ಅಮೃತಶಿಲೆಗೆ ಅಪ್ಪಳಿಸಿ ಕೊಲ್ಲುತ್ತಾನೆ. ಅವಳ ಮೈಮೇಲೆ ಒಂದು ಗಾಯವೂ ಇಲ್ಲ. ಹೊರಗಿನವರು ನೋಡಿದರೆ ಏನೂ ಆಗಿಲ್ಲ. ಹೊಂದಿಕೊಂಡು ಹೋಗು ಅಂತ ಹಿರಿಯರು ಬುದ್ಧಿ ಹೇಳುತ್ತಾರೆ. ಆದರೆ ಆ ಗೋಡೆಗೆ ಬಡಿದದ್ದು ನಾಳೆ ತಾನೂ ಆಗಬಹುದು ಅಂತ ಅವಳಿಗೆ ಗೊತ್ತಾಗಿರುತ್ತದೆ.

ಫ್ರಾನ್ಸಿಸ್ ಬರ್ನಿಯ ಕತೆ ಪುಸ್ತಕದೊಳಗೆ ಎಷ್ಟಿದೆಯೋ ಹೊರಗೂ ಅಷ್ಟೇ ಇದೆ. ಹದಿನೈದನೇ ವಯಸ್ಸಿನಲ್ಲಿ ಆಕೆ ತಾನು ಬರೆದದ್ದನ್ನೆಲ್ಲ ಒಟ್ಟು ಮಾಡಿ ಸುಟ್ಟಳು. ಹೆಣ್ಣುಮಗಳಿಗೆ ಇಂಥ ಗೀಳು ತಕ್ಕದ್ದಲ್ಲ ಅನ್ನುವ ಅಳುಕು. ಆದರೂ ಕತೆ ಬಿಡಲಿಲ್ಲ. ಆಕೆಯ ಅಪ್ಪ ಸಂಗೀತದ ಚರಿತ್ರೆ ಬರೆಯುತ್ತಿದ್ದ, ಅದರ ಪ್ರತಿ ಮಾಡುತ್ತಿದ್ದವಳು ಈಕೆಯೇ. ಹಾಗಾಗಿ ತನ್ನ ಕೈಬರಹವನ್ನು ಯಾರಾದರೂ ಗುರುತು ಹಿಡಿದಾರು ಅಂತ 'ಎವೆಲಿನಾ' ಕಾದಂಬರಿಯನ್ನು ರಾತ್ರಿ ಕೂತು ಬೇರೆ ಥರದ ಅಕ್ಷರದಲ್ಲಿ ಬರೆದಳು. ವೇಷ ಮರೆಸಿಕೊಂಡ ಸಹೋದರನ ಕೈಲಿ ಪ್ರಕಾಶಕನಿಗೆ ಕಳಿಸಿದಳು. 1778ರಲ್ಲಿ ಹೆಸರಿಲ್ಲದೆ ಅಚ್ಚಾಯಿತು. ಸಿಕ್ಕಿದ್ದು ಇಪ್ಪತ್ತು ಗಿನಿ, ಅಂದರೆ ಇಪ್ಪತ್ತೊಂದು ಪೌಂಡ್.

ಎವೆಲಿನಾಳ ಕಷ್ಟವೂ ಕಾಗದದ್ದೇ. ಅಪ್ಪ ಅವಳ ತಾಯಿಯನ್ನು ಗುಟ್ಟಾಗಿ ಮದುವೆಯಾಗಿ, ಬಯಸಿದ್ದ ದುಡ್ಡು ಸಿಗಲಿಲ್ಲ ಅಂತ ಮದುವೆಯ ಸರ್ಟಿಫಿಕೇಟು ಸುಟ್ಟುಹಾಕಿ, ಮದುವೆಯೇ ಆಗಿಲ್ಲ ಅಂದುಬಿಟ್ಟ. ಹಾಗಾಗಿ ಮಗಳಿಗೆ ಹೇಳಿಕೊಳ್ಳಲು ಅಪ್ಪನ ಹೆಸರಿಲ್ಲ. ಆ ಕಾದಂಬರಿಯಲ್ಲಿ ಸೊಗಸಾದ ನೃತ್ಯಕೂಟ, ನಾಟಕಶಾಲೆ, ಉದ್ಯಾನ ಎಲ್ಲ ಬರುತ್ತವೆ. ಎಲ್ಲ ಕಡೆಯೂ ಯಾರೋ ಒಬ್ಬ ಕೈ ಹಿಡಿದೆಳೆಯುವವನು ಇದ್ದೇ ಇರುತ್ತಾನೆ. ನನ್ನನ್ನು ಕಾಡುವ ದೃಶ್ಯ ಮಾತ್ರ ಬೇರೆಯದು. ಇಬ್ಬರು ದೊಡ್ಡ ಮನುಷ್ಯರು ಹೊತ್ತು ಹೋಗಲಿಲ್ಲ ಅಂತ ನೂರು ಪೌಂಡ್ ಬಾಜಿ ಕಟ್ಟುತ್ತಾರೆ. ಎಂಬತ್ತು ದಾಟಿದ ಇಬ್ಬರು ಬಡ ಮುದುಕಿಯರನ್ನು ಕರೆತಂದು ಓಟದ ಪಂದ್ಯ ಇಡುತ್ತಾರೆ. ಮುದುಕಿಯರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬೀಳುತ್ತಾರೆ. ಎದ್ದು ಮತ್ತೆ ಓಡುತ್ತಾರೆ. ಒಬ್ಬಳು ಇನ್ನೊಮ್ಮೆ ಬಿದ್ದಾಗ ಎವೆಲಿನಾ ಎಬ್ಬಿಸಲು ಓಡುತ್ತಾಳೆ. ಮುಟ್ಟಬೇಡಿ, ಆಟದಲ್ಲಿ ಮೋಸ ಆಗುತ್ತದೆ ಅಂತ ಕೂಗುತ್ತಾನೆ ಒಬ್ಬ. ಇನ್ನೊಬ್ಬ ಆ ಬಿದ್ದ ಮುದುಕಿಗೆ ಬಾಯಿಗೆ ಬಂದಂತೆ ಬೈಯುತ್ತಾನೆ. ಬರ್ನಿ ಇದರ ಮೇಲೆ ಉಪದೇಶ ಮಾಡುವುದಿಲ್ಲ. ಆ ತೋಟದಲ್ಲಿ ನಿಂತವರೆಲ್ಲರನ್ನೂ ತೋರಿಸುತ್ತಾಳೆ, ಎವೆಲಿನಾ ಮೆಚ್ಚಿದವನೂ ಅಲ್ಲೇ ಇದ್ದಾನೆ.

ಇದೆಲ್ಲವನ್ನೂ ನೇರವಾಗಿ ಹೆಸರಿಟ್ಟು ಹೇಳಿದವಳು ಮೇರಿ ವುಲ್‌ಸ್ಟನ್‌ಕ್ರಾಫ್ಟ್. 1792ರಲ್ಲಿ ಹೆಣ್ಣಿನ ಹಕ್ಕುಗಳ ಬಗ್ಗೆ ಅವಳು ಬರೆದ ಪುಸ್ತಕ ಪ್ರಸಿದ್ಧ. 'ಮರಿಯಾ' ಎಂಬ ಕಾದಂಬರಿಯನ್ನು ಮುಗಿಸುವ ಮುಂಚೆ, 1797ರಲ್ಲಿ, ಹೆರಿಗೆಯಾದ ಹತ್ತೇ ದಿನಕ್ಕೆ ತೀರಿಕೊಂಡಳು. ಮರುವರ್ಷ ಗಂಡ ಗಾಡ್ವಿನ್ ಅದನ್ನು ಇದ್ದ ಹಾಗೇ ಅಚ್ಚು ಹಾಕಿಸಿದ. ಮರಿಯಾಳಿಗೆ ಹುಚ್ಚಿಲ್ಲ. ಆದರೂ ಅವಳ ಹಣಕ್ಕಾಗಿ ಗಂಡ ಅವಳನ್ನು ಹುಚ್ಚಾಸ್ಪತ್ರೆಯಲ್ಲಿ ಹಾಕಿಸಿದ್ದಾನೆ, ಮೊಲೆ ಕುಡಿಯುವ ಮಗುವನ್ನು ಕಿತ್ತುಕೊಂಡಿದ್ದಾನೆ. ಇದು ಕಟ್ಟುಕತೆಯ ಅತಿರೇಕ ಅಲ್ಲ. ಹೆಂಡತಿಯರನ್ನು ಹೀಗೆ ಕೂಡಿಹಾಕಿಸುವ ಪದ್ಧತಿಯ ವಿರುದ್ಧ ಡಿಫೋ 1728ರಲ್ಲೇ ಬರೆದಿದ್ದ. ಮರಿಯಾಗೆ ಪುಸ್ತಕ, ಕಾಗದ ತಂದುಕೊಡುವವಳು ಅಲ್ಲಿನ ಕಾವಲಿನವಳು ಜೆಮೈಮಾ. ಮರಿಯಾ ತನ್ನ ಬದುಕನ್ನು ಮಗಳಿಗಾಗಿ ಬರೆಯುತ್ತಾಳೆ. ಜೆಮೈಮಾಳೂ ತನ್ನ ಕತೆ ಹೇಳುತ್ತಾಳೆ. ಹುಟ್ಟಿದ ಕೆಲವೇ ದಿನಕ್ಕೆ ತಾಯಿಯನ್ನು ಕಳೆದುಕೊಂಡವಳು, ಹದಿನಾರಕ್ಕೆ ಕೆಲಸದ ಮನೆಯ ಯಜಮಾನನಿಂದ ಅತ್ಯಾಚಾರ, ಆಮೇಲೆ ಬೀದಿ, ಬಟ್ಟೆ ಒಗೆಯುವ ಕೆಲಸ, ಬಡವರನ್ನು ಇರಿಸಿ ದುಡಿಸುವ ವರ್ಕ್‌ಹೌಸ್. ಒಬ್ಬ ಶ್ರೀಮಂತೆ ಮತ್ತು ಒಬ್ಬ ಕೆಲಸದವಳು ಕೂತು ಒಬ್ಬರ ಮಾತು ಒಬ್ಬರು ಪೂರ್ತಿ ಕೇಳಿಸಿಕೊಳ್ಳುವುದು ಇವತ್ತು ಓದಿದರೂ ಹೊಸದು ಅನ್ನಿಸುತ್ತದೆ.

ಮುಂದೆ ಮರಿಯಾಳ ವಿಷಯ ಕೋರ್ಟಿಗೆ ಬರುತ್ತದೆ. ಮೊಕದ್ದಮೆ ಅವಳದಲ್ಲ, ಅವಳ ಗೆಳೆಯನ ಮೇಲೆ ಗಂಡ ಹೂಡಿದ್ದು. ಅವಳು ಏನೇನಾಯಿತು ಅಂತ ಒಂದು ಕಾಗದ ಬರೆದು ಓದಿಸುತ್ತಾಳೆ. ಹೆಂಗಸರು ತಮ್ಮ ಭಾವನೆಗಳನ್ನೇ ಕಾರಣವಾಗಿ ಕೊಡುವುದಕ್ಕೆ ಬಿಟ್ಟರೆ ಮದುವೆ ಎಲ್ಲಿ ಉಳಿಯುತ್ತದೆ ಅಂತ ನ್ಯಾಯಾಧೀಶ ಅದನ್ನು ತಳ್ಳಿಹಾಕುತ್ತಾನೆ. ಪಮೇಲಾ ಬರೆದದ್ದು ಓದಿ ಯಜಮಾನ ಕರಗಿದ್ದ. ಮರಿಯಾ ಬರೆದದ್ದು ಓದಿ ಕಾನೂನು ಕರಗಲಿಲ್ಲ.

ಈ ಪುಸ್ತಕಗಳಲ್ಲಿ ಕಾಣದವರೂ ಇದ್ದಾರೆ. ಮಾಲ್ ಕೊನೆಗೆ ಅಮೆರಿಕಾದಲ್ಲಿ ತೋಟ ಮಾಡಿ ನೆಮ್ಮದಿಯಾಗುತ್ತಾಳೆ, ಆ ತೋಟದ ಕೆಲಸಕ್ಕೆ ಕೊಂಡು ತಂದ ಕರಿಯ ಆಳಿನ ದನಿ ಒಂದು ಸಾಲಿನಲ್ಲೂ ಇಲ್ಲ. ಆಸ್ಟಿನ್ ಬರೆದ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' (1814) ಮನೆಯ ಯಜಮಾನನ ಆಸ್ತಿಯ ಒಂದು ಭಾಗ ಗುಲಾಮರು ದುಡಿಯುತ್ತಿದ್ದ ಆಂಟಿಗಾ ದ್ವೀಪದಲ್ಲಿದೆ, ಅಲ್ಲಿನ ಹೆಂಗಸರ ಕತೆ ಆ ಕಾದಂಬರಿಯ ಒಳಗೆ ಬರುವುದಿಲ್ಲ. ಇದನ್ನು ನೆನಪಿಟ್ಟುಕೊಂಡೇ ಓದಬೇಕು.

ಮತ್ತೆ ಆಸ್ಟಿನ್ ಹತ್ತಿರ ಬರುತ್ತೇನೆ. 1803ರಲ್ಲಿ ಆಕೆ ಒಂದು ಕಾದಂಬರಿಯನ್ನು ಹತ್ತು ಪೌಂಡಿಗೆ ಪ್ರಕಾಶಕನಿಗೆ ಮಾರಿದಳು. ಅವನು ಅಚ್ಚು ಹಾಕದೆ ಇಟ್ಟುಕೊಂಡ. 1816ರಲ್ಲಿ ಅದೇ ಹತ್ತು ಪೌಂಡ್ ಕೊಟ್ಟು ವಾಪಸು ಪಡೆಯಬೇಕಾಯಿತು. 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಬಂದಾಗ ಲೇಖಕಿಯ ಹೆಸರಿನ ಜಾಗದಲ್ಲಿ ಇದ್ದದ್ದು 'ಒಬ್ಬ ಮಹಿಳೆ' ಅಂತ ಮಾತ್ರ. ಅವಳು 1817ರ ಜುಲೈನಲ್ಲಿ ತೀರಿಕೊಂಡಳು. ಆ ಹತ್ತು ಪೌಂಡಿನ ಕಾದಂಬರಿಯೂ 'ಪರ್ಸುವೇಷನ್' ಎಂಬ ಕೊನೆಯ ಕಾದಂಬರಿಯೂ ಅದೇ ವರ್ಷದ ಕೊನೆಗೆ ಒಟ್ಟಿಗೆ ಹೊರಬಂದವು.

'ಪರ್ಸುವೇಷನ್' ಮುಗಿಯುವ ಹೊತ್ತಿಗೆ ಬಾತ್ ಊರಿನ ಒಂದು ಹೋಟೆಲ್ ಕೋಣೆ ಬರುತ್ತದೆ. ಆನ್ ಎಲಿಯಟ್ ಕಿಟಕಿಯ ಹತ್ತಿರ ನಿಂತು ಕ್ಯಾಪ್ಟನ್ ಹಾರ್ವಿಲ್ ಜೊತೆ ಮಾತಾಡುತ್ತಿದ್ದಾಳೆ. ಅವಳು ಎಂಟು ವರ್ಷದ ಹಿಂದೆ ಬೇರೆಯವರ ಮಾತು ಕೇಳಿ ಬಿಟ್ಟುಕೊಟ್ಟ ವೆಂಟ್‌ವರ್ತ್ ಅದೇ ಕೋಣೆಯ ಮೇಜಿನ ಮುಂದೆ ಏನೋ ಪತ್ರ ಬರೆಯುತ್ತಿದ್ದಾನೆ. ಗಂಡಿನ ಪ್ರೀತಿ ಗಟ್ಟಿಯೋ ಹೆಣ್ಣಿನದೋ ಅಂತ ಮಾತು ಬೆಳೆಯುತ್ತದೆ. ನಡುವೆ ವೆಂಟ್‌ವರ್ತ್ ಕೈಯಿಂದ ಲೇಖನಿ ಕೆಳಗೆ ಬಿದ್ದ ಸದ್ದಾಗುತ್ತದೆ. ಹಾಡು, ಗಾದೆ, ಪುಸ್ತಕ ಎಲ್ಲವೂ ಹೆಣ್ಣಿನ ಮನಸ್ಸು ಚಂಚಲ ಅನ್ನುತ್ತವಲ್ಲ ಅನ್ನುತ್ತಾನೆ ಹಾರ್ವಿಲ್. ದಯವಿಟ್ಟು ಪುಸ್ತಕದ ಉದಾಹರಣೆ ಬೇಡ ಅನ್ನುತ್ತಾಳೆ ಆನ್. ತಮ್ಮ ಕತೆ ಹೇಳಿಕೊಳ್ಳುವ ಅನುಕೂಲವೆಲ್ಲ ಗಂಡಸರಿಗೇ ಇತ್ತು, ಓದು ಅವರದಾಗಿತ್ತು, ಲೇಖನಿ ಅವರ ಕೈಯಲ್ಲಿತ್ತು, ಪುಸ್ತಕಗಳು ಏನನ್ನಾದರೂ ಸಾಬೀತು ಮಾಡುತ್ತವೆ ಅಂತ ನಾನು ಒಪ್ಪುವುದಿಲ್ಲ. ದನಿ ಏರಿಸದೆಯೇ ಹೇಳುತ್ತಾಳೆ. ಆಚೆ ಮೇಜಿನ ಹತ್ತಿರ ವೆಂಟ್‌ವರ್ತ್ ಅವಳ ಮಾತು ಕೇಳಿಸಿಕೊಳ್ಳುತ್ತಲೇ ಇನ್ನೊಂದು ಹಾಳೆ ಎಳೆದುಕೊಂಡು ಬರೆಯುತ್ತಿರುತ್ತಾನೆ. ಹೊರಗೆ ಹೋದವನು ಕೈಗವಸು ಮರೆತೆ ಅಂತ ವಾಪಸು ಬಂದು, ಹರಡಿದ್ದ ಕಾಗದಗಳ ಅಡಿಯಿಂದ ಒಂದು ಪತ್ರ ಎಳೆದು ಅವಳ ಮುಂದಿಟ್ಟು ಹೋಗುತ್ತಾನೆ. ಆನ್ ಅವನು ಕೂತಿದ್ದ ಕುರ್ಚಿಯಲ್ಲೇ ಕುಸಿದು ಕೂತು, ಅವನು ಬರೆದ ಅದೇ ಜಾಗದಲ್ಲಿ ಅದನ್ನು ಓದಲು ಶುರು ಮಾಡುತ್ತಾಳೆ.